ಕೂದಲು ನಿಧಾನ, ತುಟಿ ಮಾತ್ರ ತಾಳಕ್ಕೆ ಸರಿಯಾಗಿ

ಯಾವುದಾದರೂ ಒಂದು ಮ್ಯೂಸಿಕ್ ವಿಡಿಯೊ ನೆನಪಿಸಿಕೊಳ್ಳಿ. ಗಾಯಕಿ ಮಳೆಯಲ್ಲಿ ನಿಂತಿದ್ದಾಳೆ. ಹನಿಗಳು ಬಿಡಿಬಿಡಿಯಾಗಿ ಇಳಿಯುತ್ತಿವೆ. ತಲೆ ತಿರುಗಿಸಿದರೆ ಕೂದಲು ಮೆಲ್ಲಗೆ ಹರಡಿ, ಮೆಲ್ಲಗೆ ಹೆಗಲ ಮೇಲೆ ಕೂರುತ್ತದೆ. ಎಲ್ಲವೂ ಸ್ಲೋ ಮೋಷನ್. ಆದರೆ ಅವಳ ತುಟಿ ನೋಡಿ. ಹಾಡಿನ ಒಂದೊಂದು ಅಕ್ಷರಕ್ಕೂ ಸರಿಯಾಗಿ ಆಡುತ್ತಿದೆ. ಮುಖ ಒಂದೇ, ಶಾಟ್ ಒಂದೇ. ಕೂದಲಿಗೆ ಒಂದು ವೇಗ, ತುಟಿಗೆ ಇನ್ನೊಂದು. ಇಂಥ ಶಾಟನ್ನು ನೂರಾರು ಸಲ ನೋಡಿದವರೂ ಇದು ಹೇಗಾಯಿತು ಅಂತ ಕೇಳುವುದಿಲ್ಲ. ಕೇಳಿದರೂ ಥಟ್ಟನೆ ಬರುವ ಉತ್ತರ ಒಂದೇ: "ಎಲ್ಲ ಕಂಪ್ಯೂಟರ್‌ನಲ್ಲಿ ಮಾಡ್ತಾರೆ."

ಈ ಉತ್ತರ ಕೇಳಿದರೆ ನನಗೆ ಬೇಜಾರಾಗುತ್ತದೆ. ಇಷ್ಟು ಚೆಂದದ ಒಂದು ಲೆಕ್ಕವನ್ನು ಕಂಪ್ಯೂಟರ್ ಎಂಬ ಒಂದೇ ಮಾತಿನಲ್ಲಿ ಮುಚ್ಚಿಬಿಡುತ್ತೇವಲ್ಲ! ಈ ಶಾಟಿಗೆ ಕಂಪ್ಯೂಟರ್ ಬೇಕಾಗಿಯೇ ಇಲ್ಲ. ರೀಲು ಸುತ್ತುವ ಕ್ಯಾಮೆರಾ, ಟೇಪ್ ರೆಕಾರ್ಡರ್ ಇದ್ದ ಕಾಲದಲ್ಲೂ ಇದನ್ನು ಮಾಡಬಹುದಿತ್ತು.

ಗುಟ್ಟು ಇಷ್ಟು. ಶೂಟಿಂಗ್ ಜಾಗದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕುತ್ತಾರೆ. ಗಾಯಕಿ ಆ ವೇಗಕ್ಕೇ ತುಟಿ ಆಡಿಸುತ್ತಾಳೆ. ಕ್ಯಾಮೆರಾ ಸೆಕೆಂಡಿಗೆ 24ರ ಬದಲು 48 ಫ್ರೇಮ್, ಅಂದರೆ ಬಿಡಿ ಚಿತ್ರ, ಹಿಡಿಯುತ್ತದೆ. ಆಮೇಲೆ ಆ ಫ್ರೇಮ್‌ಗಳನ್ನು ಸೆಕೆಂಡಿಗೆ 24ರಂತೆ ತೋರಿಸಿದರೆ ಎಲ್ಲವೂ ಅರ್ಧ ವೇಗಕ್ಕೆ ಇಳಿಯುತ್ತದೆ. ಎರಡು ಪಟ್ಟು ಓಡಿದ ತುಟಿ ಅರ್ಧಕ್ಕಿಳಿದು ಹಾಡಿನ ಅಸಲಿ ವೇಗಕ್ಕೆ ಬಂದು ನಿಲ್ಲುತ್ತದೆ. ಮಳೆಗಾಗಲಿ ಕೂದಲಿಗಾಗಲಿ ಯಾರೂ ಅವಸರ ಮಾಡು ಅಂತ ಹೇಳಿರಲಿಲ್ಲ. ಅವು ತಮ್ಮ ಸಹಜ ವೇಗದಲ್ಲೇ ಇದ್ದವು. ಹಾಗಾಗಿ ತೆರೆಯ ಮೇಲೆ ಅವು ಮಾತ್ರ ನಿಧಾನವಾಗುತ್ತವೆ.

ಊದಿರದ ಬಲೂನಿನ ಮೇಲೆ ಅಕ್ಷರಗಳನ್ನು ಒತ್ತೊತ್ತಾಗಿ ಬರೆದು ಆಮೇಲೆ ಊದಿ ನೋಡಿ. ಅಕ್ಷರ ಓದುವಷ್ಟು ಅಗಲವಾಗುತ್ತವೆ. ತುಟಿಯ ಕಥೆಯೂ ಅದೇ. ಮುಂದೆ ಎಷ್ಟು ಹಿಗ್ಗುತ್ತದೆ ಅಂತ ಮೊದಲೇ ಗೊತ್ತು. ಅಷ್ಟು ಕುಗ್ಗಿಸಿ ಹಾಡಿದರೆ ಆಯಿತು.

ನಾಲ್ಕು ನಿಮಿಷದ ಹಾಡು ಶೂಟಿಂಗ್‌ನಲ್ಲಿ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಟೇಪ್ ಕಾಲದಲ್ಲಿ ವೇಗ ಎರಡು ಪಟ್ಟಾದರೆ ಸ್ವರವೂ ಒಂದು ಸ್ಥಾಯಿ ಮೇಲೇರಿ ಇಲಿ ಕಿರುಗುಟ್ಟಿದಂತೆ ಕೇಳುತ್ತಿತ್ತು. ಈಗಿನ ಸಾಫ್ಟ್‌ವೇರ್ ಶ್ರುತಿ ಬದಲಿಸದೆ ವೇಗ ಮಾತ್ರ ಹೆಚ್ಚಿಸುತ್ತದೆ. ಬೆಳಕಿನದೂ ಒಂದು ತಾಪತ್ರಯ ಇದೆ. 48 ಫ್ರೇಮ್ ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಸಮಯ ಅರ್ಧ. ಅದಕ್ಕೇ ದೀಪ ಜಾಸ್ತಿ ಬೇಕು. 50 ಹರ್ಟ್ಸ್ ಕರೆಂಟಿನಲ್ಲಿ ಉರಿಯುವ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ವೇಗದ ಕ್ಯಾಮೆರಾ ಮಾತ್ರ ಹಿಡಿದುಬಿಡುತ್ತದೆ, ಇಡೀ ಶಾಟ್ ಮಿಣಮಿಣ ಅನ್ನುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಸ್ಲೋ ಮೋಷನ್ ಅಂದರೆ ಕಾಲ ನಿಧಾನವಾದಂತೆ ಅಂತ ಹೇಳುತ್ತೇವೆ. ಆದರೆ ನೋಡುವ ಕಣ್ಣಿಗೆ ಅದು ಗುರುತ್ವ ಕಮ್ಮಿಯಾದಂತೆ ಕಾಣುತ್ತದೆ. ಬೀಳುವ ವಸ್ತು ಸಾಗುವ ದೂರ, ಸಮಯದ ವರ್ಗವನ್ನು ಅವಲಂಬಿಸಿದೆ. ಇದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹಾಗಾಗಿ ಅದೇ ದೂರ ಬೀಳಲು ಎರಡು ಪಟ್ಟು ಸಮಯ ಹಿಡಿದರೆ ಗುರುತ್ವ ನಾಲ್ಕನೇ ಒಂದು ಭಾಗಕ್ಕೆ ಇಳಿದ ಹಾಗೆ. ಇಲ್ಲಿ ಒಂದು ಮೀಟರ್ ಬೀಳಲು ಸುಮಾರು 0.45 ಸೆಕೆಂಡ್ ಸಾಕು. ಅರ್ಧ ವೇಗದ ಶಾಟಿನಲ್ಲಿ 0.9 ಸೆಕೆಂಡ್ ಬೇಕು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಈಗ ಬಹಳಷ್ಟು ಕ್ಯಾಮೆರಾಗಳಲ್ಲಿ, ಫೋನುಗಳಲ್ಲೂ, ಸೆಕೆಂಡಿಗೆ 60 ಫ್ರೇಮ್ ಹಿಡಿಯಬಹುದು. ಅದನ್ನು 24ರಲ್ಲಿ ತೋರಿಸಿದರೆ ಎರಡೂವರೆ ಪಟ್ಟು ನಿಧಾನ. ಎರಡೂವರೆಯ ವರ್ಗ 6.25. ಭೂಮಿಯ ಗುರುತ್ವ 9.8ನ್ನು 6.25ರಿಂದ ಭಾಗಿಸಿ. 1.57 ಬರುತ್ತದೆ. ಚಂದ್ರನ ಮೇಲಿನ ಗುರುತ್ವ 1.62! ಅಂದರೆ ಮ್ಯೂಸಿಕ್ ವಿಡಿಯೊಗಳಲ್ಲಿ ಮತ್ತೆ ಮತ್ತೆ ಕಾಣುವ ಆ ಕನಸಿನಂಥ ನಡಿಗೆ, ಆ ಹಗುರ ಜಿಗಿತ, ಹೆಚ್ಚುಕಡಿಮೆ ಚಂದ್ರನ ಮೇಲೆ ಓಡಾಡಿದ ಹಾಗೆಯೇ ಇರುತ್ತದೆ. ತುಟಿ ಮಾತ್ರ ಭೂಮಿಯ ಮೇಲಿದೆ. ಪ್ರೇಮಗೀತೆಗೋ ವಿರಹಗೀತೆಗೋ ನಿರ್ದೇಶಕರು ಈ ವೇಗವನ್ನೇ ಯಾಕೆ ಆರಿಸುತ್ತಾರೆ ಅಂತ ಕೇಳಿದರೆ "ಫೀಲ್ ಚೆನ್ನಾಗಿ ಬರುತ್ತೆ" ಅನ್ನುತ್ತಾರೆ. ಆ ಫೀಲ್ ಎಲ್ಲಿಂದ ಬಂತು ಅಂದರೆ, ದೇಹದ ಭಾರ ಆರನೇ ಒಂದು ಭಾಗಕ್ಕೆ ಇಳಿದಂತೆ ಕಾಣುವುದರಿಂದ.

ಸ್ಲೋ ಮೋಷನ್ನಿಗೆ ಮೊದಲು ಪೇಟೆಂಟ್ ಪಡೆದವರಲ್ಲಿ ಒಬ್ಬರು ಆಗಸ್ಟ್ ಮುಸ್ಗರ್. ಆಸ್ಟ್ರಿಯಾದ ಪಾದ್ರಿ, ಜೊತೆಗೆ ಭೌತಶಾಸ್ತ್ರದ ಮೇಷ್ಟ್ರು. 1904ರಲ್ಲಿ ಕನ್ನಡಿ ಕೂರಿಸಿದ ಉರುಳೆಯೊಂದನ್ನು ಬಳಸಿ ಅವರು ಇದನ್ನು ಸಾಧಿಸಿದರು. ಆಗ ಕ್ಯಾಮೆರಾಗಳನ್ನು ಕೈಯಿಂದ ತಿರುಗಿಸುತ್ತಿದ್ದರು. ಹಿಡಿಯನ್ನು ಜೋರಾಗಿ ತಿರುಗಿಸಿದರೆ ತೆರೆಯ ಮೇಲೆ ನಿಧಾನ, ಮೆಲ್ಲಗೆ ತಿರುಗಿಸಿದರೆ ಗಡಿಬಿಡಿ.

ಹಾಗಾದರೆ ಹತ್ತು ಪಟ್ಟು ನಿಧಾನದ ಲಿಪ್ ಸಿಂಕ್, ಅಂದರೆ ಹಾಡಿಗೆ ತುಟಿ ಕೂಡಿಸುವುದು, ಯಾಕೆ ಕಾಣುವುದಿಲ್ಲ? ಕ್ಯಾಮೆರಾ ಸೋಲುವುದಿಲ್ಲ, ನಾಲಿಗೆ ಸೋಲುತ್ತದೆ. ನಾವು ಮಾತಾಡುವಾಗ ಸೆಕೆಂಡಿಗೆ ನಾಲ್ಕೈದು ಅಕ್ಷರ ಬರುತ್ತವೆ. ನಿಧಾನದ ಹಾಡಿನಲ್ಲಿ ಎರಡೇ ಬಂದರೂ ಸರಿ. ಅದನ್ನು ಎರಡು ಪಟ್ಟು ಮಾಡಿದರೆ ನಾಲ್ಕು, ಎರಡೂವರೆ ಪಟ್ಟು ಮಾಡಿದರೆ ಐದು. ಬಾಯಿಗೆ ಸಲೀಸು. ಆದರೆ ಸೆಕೆಂಡಿಗೆ ಏಳು ಅಕ್ಷರ ಉದುರಿಸುವ ರ‍್ಯಾಪ್ ಹಾಡನ್ನು ಎರಡು ಪಟ್ಟು ಮಾಡಿ ನೋಡಿ. ಹದಿನಾಲ್ಕಾಗುತ್ತದೆ. ಹೆಚ್ಚಿನವರ ಬಾಯಿಗೆ ಆಗದ ಮಾತು. ಸ್ಲೋ ಮೋಷನ್ನಿನ ತುಟಿ ನಿಧಾನದ ಹಾಡುಗಳಲ್ಲೇ ಜಾಸ್ತಿ ಕಾಣಲು ಭಾವದಷ್ಟೇ ಈ ಲೆಕ್ಕವೂ ಕಾರಣ. ಓಕೆ ಗೋ ಎಂಬ ಅಮೆರಿಕದ ರಾಕ್ ತಂಡ 2016ರಲ್ಲಿ "ದ ಒನ್ ಮೊಮೆಂಟ್" ಹಾಡಿಗೆ ಮಾಡಿದ ವಿಡಿಯೊದಲ್ಲಿ ಬಹುಪಾಲು ದೃಶ್ಯ ನಡೆದದ್ದು ಬರೀ 4.2 ಸೆಕೆಂಡಿನಲ್ಲಿ. ಬಣ್ಣ ಸಿಡಿಯುತ್ತದೆ, ನೀರಿನ ಬಲೂನುಗಳು ಒಡೆಯುತ್ತವೆ, ಎಲ್ಲವೂ ಹಿಗ್ಗಿ ಹಾಡಿನ ಬಹುಪಾಲನ್ನು ತುಂಬುತ್ತವೆ. ಅದರಲ್ಲೂ ಗಾಯಕ ಹಾಡುವುದನ್ನು ತೋರಿಸುವ ಜಾಗಕ್ಕೆ ಬಂದಾಗ ಚಿತ್ರ ಸಹಜ ವೇಗಕ್ಕೆ ಮರಳುತ್ತದೆ. ಮರಳಲೇಬೇಕು, ಬೇರೆ ದಾರಿಯಿಲ್ಲ.

ತುಟಿ ಇಷ್ಟು ಕರಾರುವಾಕ್ಕಾಗಿ ಕೂಡಲೇಬೇಕಾ? ಸ್ವಲ್ಪ ಆಚೀಚೆಯಾದರೆ ಏನಂತೆ? ಇಲ್ಲಿ ನಮ್ಮ ಮಿದುಳಿನ ಒಂದು ಸೊಗಸಾದ ಪಕ್ಷಪಾತ ಇದೆ. ದೂರದಲ್ಲಿ ಯಾರೋ ಸುತ್ತಿಗೆಯಿಂದ ಹೊಡೆಯುತ್ತಿದ್ದರೆ ಏಟು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ಆಚೆ ನಡೆದದ್ದರ ಸದ್ದು ಹತ್ತನೇ ಒಂದು ಸೆಕೆಂಡ್ ತಡವಾಗಿ ತಲುಪುತ್ತದೆ. ಚಿತ್ರ ಮೊದಲು, ಸದ್ದು ಆಮೇಲೆ: ಹುಟ್ಟಿದಾಗಿನಿಂದ ಇದು ಮಿದುಳಿಗೆ ಅಭ್ಯಾಸ. ಸದ್ದು ಮೊದಲು ಬಂದು ಏಟು ಆಮೇಲೆ ಕಾಣುವುದು ಪ್ರಕೃತಿಯಲ್ಲಿ ಇಲ್ಲವೇ ಇಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಮಾರ್ಗಸೂಚಿಯಲ್ಲೂ ಈ ಪಕ್ಷಪಾತ ಅಂಕಿಯಾಗಿ ಕೂತಿದೆ. ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಾದರೆ ನೋಡುಗರಿಗೆ ಗೊತ್ತಾಗುತ್ತದೆ. ಹಿಂದೆ ಬಿದ್ದರೆ ಸುಮಾರು 125 ಮಿಲಿಸೆಕೆಂಡಿನವರೆಗೂ ಗೊತ್ತಾಗುವುದಿಲ್ಲ. 24 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್. ಅಂದರೆ ಒಂದು ಕಡೆಗೆ ಒಂದೇ ಫ್ರೇಮಿನ ಸಲುಗೆ, ಇನ್ನೊಂದು ಕಡೆಗೆ ಮೂರು ಫ್ರೇಮಿನಷ್ಟು.

ತುಟಿ ತಪ್ಪಿದರೆ ಕಿರಿಕಿರಿಯಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾವು ಕಿವಿಯಿಂದ ಮಾತ್ರ ಕೇಳುವುದಿಲ್ಲ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. "ಬ" ಎನ್ನುವ ಸದ್ದಿಗೆ "ಗ" ಎನ್ನುವ ಬಾಯಿಯ ಚಿತ್ರ ಜೋಡಿಸಿದರು. ನೋಡಿದವರಲ್ಲಿ ಬಹಳ ಮಂದಿಗೆ ಕೇಳಿಸಿದ್ದು "ಡ"! ಕಣ್ಣು ಮುಚ್ಚಿದರೆ ಮತ್ತೆ "ಬ". ಕನ್ನಡಿಯ ಮುಂದೆ ನಿಂತು ಪ, ಬ, ಮ ಅಂದು ನೋಡಿ. ಮೂರಕ್ಕೂ ತುಟಿ ಪೂರ್ತಿ ಮುಚ್ಚಬೇಕು. ಲಿಪ್ ಸಿಂಕ್ ಸರಿಯಿದೆಯಾ ಅಂತ ಪರೀಕ್ಷಿಸುವ ಎಡಿಟರ್ ಇಂಥ ಅಕ್ಷರಗಳನ್ನೇ ಹುಡುಕಬೇಕು. "ಆ" ಎಂದು ಬಾಯಿ ತೆರೆದಾಗ ಎರಡು ಫ್ರೇಮ್ ಆಚೀಚೆಯಾದರೆ ಯಾರಿಗೂ ತಿಳಿಯದು. "ಮ" ಕೇಳುವಾಗ ತುಟಿ ತೆರೆದಿದ್ದರೆ ಸಿಕ್ಕಿಬೀಳುತ್ತೀರಿ.

ಇನ್ನೊಂದು ತಪ್ಪು ನಂಬಿಕೆಯನ್ನೂ ಇಲ್ಲೇ ತೆಗೆದುಹಾಕುವುದು ಒಳ್ಳೆಯದು. ಕಣ್ಣು ಸೆಕೆಂಡಿಗೆ 24 ಚಿತ್ರ ಮಾತ್ರ ನೋಡಬಲ್ಲದು, ಅದಕ್ಕೇ ಸಿನಿಮಾದಲ್ಲಿ 24 ಫ್ರೇಮ್ ಅಂತ ಎಲ್ಲೆಡೆ ಹೇಳುತ್ತಾರೆ. ಶುದ್ಧ ಸುಳ್ಳು. 60ಕ್ಕೂ 24ಕ್ಕೂ ಇರುವ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ. ಮೂಕಿ ಸಿನಿಮಾಗಳ ಕಾಲದಲ್ಲಿ ಇಂಥದ್ದೇ ವೇಗ ಅಂತ ಇರಲಿಲ್ಲ. ಹಿಡಿ ತಿರುಗಿಸುವವನ ಕೈಯಂತೆ ಚಿತ್ರ. ಚಿತ್ರದ ವೇಗ ಕೊಂಚ ಏರುಪೇರಾದರೆ ಕಣ್ಣು ಸಹಿಸುತ್ತದೆ. ಸದ್ದಿನ ವೇಗ ಏರುಪೇರಾದರೆ ಶ್ರುತಿ ಅಲ್ಲಾಡುತ್ತದೆ, ಕಿವಿ ಒಪ್ಪುವುದೇ ಇಲ್ಲ. 1920ರ ದಶಕದ ಕೊನೆಗೆ ಟಾಕಿ ಬಂದಾಗ ಒಂದೇ ವೇಗ ಗೊತ್ತುಮಾಡಲೇಬೇಕಾಯಿತು. 24 ನೆಲೆಯೂರಿದ್ದು ಹಾಗೆ, ಕಿವಿಯ ಒತ್ತಾಯಕ್ಕೆ.

ಹಾಡನ್ನು ಮೊದಲು ರೆಕಾರ್ಡ್ ಮಾಡಿ ಆಮೇಲೆ ತುಟಿ ಆಡಿಸುವುದು ಟಿವಿ ಕಾಲದ ಕಳ್ಳದಾರಿ ಅಂತ ಮೂಗು ಮುರಿಯುವವರೂ ಇದ್ದಾರೆ. ಅವರು ಅಲೀಸ್ ಗೀ ಎಂಬ ಫ್ರೆಂಚ್ ನಿರ್ದೇಶಕಿಯ ಹೆಸರು ಕೇಳಬೇಕು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಗೊಮೊ ಎಂಬ ಸಿನಿಮಾ ಕಂಪನಿಗಾಗಿ ಆಕೆ ನೂರಕ್ಕೂ ಹೆಚ್ಚು ಹಾಡಿನ ಕಿರುಚಿತ್ರಗಳನ್ನು ಮಾಡಿದರು. ಆಗಿನ ಧ್ವನಿಮುದ್ರಣಕ್ಕೆ ಗಾಯಕರು ಕಹಳೆಯಂಥ ಕೊಳವೆಯ ಬಾಯಿಗೆ ಮುಖವಿಟ್ಟು ಹಾಡಬೇಕಿತ್ತು. ಆ ಕೊಳವೆ ಚಿತ್ರದಲ್ಲಿ ಕಾಣಬಾರದಲ್ವಾ? ಮೊದಲು ಹಾಡು, ಆಮೇಲೆ ಅದೇ ರೆಕಾರ್ಡ್ ತಟ್ಟೆ ಹಾಕಿಕೊಂಡು ತುಟಿ ಆಡಿಸಿ ಚಿತ್ರ. 1981ರ ಆಗಸ್ಟ್ 1ರಂದು ಎಂಟಿವಿ ಎಂಬ ಮ್ಯೂಸಿಕ್ ವಿಡಿಯೊಗಳ ಚಾನೆಲ್ ಶುರುವಾಗುವ ಹೊತ್ತಿಗೆ ಈ ವಿದ್ಯೆಗೆ ಮುಕ್ಕಾಲು ಶತಮಾನ ತುಂಬಿತ್ತು.

ಕಟ್‌ಗಳ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಬರುವ ಜಾಗಗಳ, ವಿಷಯದಲ್ಲೂ ಇದೇ ಲೆಕ್ಕ ನಡೆಯುತ್ತದೆ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟಿಗೆ ಅರ್ಧ ಸೆಕೆಂಡ್, ಅಂದರೆ ಸರಿಯಾಗಿ 12 ಫ್ರೇಮ್. ಬೀಟಿಗೊಂದು ಕಟ್ ಲೀಲಾಜಾಲ. 128 ಬೀಟ್ ಆದರೆ ಒಂದು ಬೀಟಿಗೆ 11.25 ಫ್ರೇಮ್. ಕಾಲು ಫ್ರೇಮ್ ಎಂಬುದು ಇಲ್ಲ. ಎಡಿಟರ್ 11 ಫ್ರೇಮಿಗೆ ಒಂದರಂತೆ ಕತ್ತರಿಸುತ್ತಾ ಹೋದರೆ ನಾಲ್ಕು ಬೀಟಿನಲ್ಲಿ ಒಂದು ಫ್ರೇಮ್ ತಪ್ಪುತ್ತದೆ, ಹದಿನಾರು ಬೀಟಿನಲ್ಲಿ ನಾಲ್ಕು. ಅಷ್ಟೊತ್ತಿಗೆ ಇಡೀ ವಿಡಿಯೊ ತಾಳ ತಪ್ಪಿದಂತೆ ಕಾಣುತ್ತದೆ. ಅದಕ್ಕೇ ಪ್ರತಿ ಕಟ್ಟನ್ನೂ ಹಾಡಿನ ಬೀಟ್ ನೋಡಿಯೇ ಹಾಕಬೇಕು. ಆಗ ತಪ್ಪು ಅರ್ಧ ಫ್ರೇಮ್ ಮೀರುವುದಿಲ್ಲ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಲವು ಎಡಿಟರ್‌ಗಳು ಬೀಟಿಗಿಂತ ಒಂದೆರಡು ಫ್ರೇಮ್ ಮೊದಲೇ ಕತ್ತರಿಸುತ್ತಾರೆ. ಸುತ್ತಿಗೆಯ ಏಟು ನೆನಪಿದೆಯಲ್ಲ, ಚಿತ್ರ ಮೊದಲು ಬಂದರೆ ಮಿದುಳು ತಕರಾರು ಮಾಡುವುದಿಲ್ಲ.

ಇದನ್ನೆಲ್ಲ ತಲೆಕೆಳಗು ಮಾಡಿಯೂ ಬಳಸಬಹುದು. ಹಾಡನ್ನು ಅರ್ಧ ವೇಗದಲ್ಲಿ ಹಾಕಿ, ಗಾಯಕ ಮೆಲ್ಲಗೆ ತುಟಿ ಆಡಿಸಿ, ಕ್ಯಾಮೆರಾ ಸೆಕೆಂಡಿಗೆ 12 ಫ್ರೇಮ್ ಹಿಡಿದರೆ, ಅವನು ಸುಮ್ನೆ ನಿಂತು ಹಾಡುತ್ತಿರುತ್ತಾನೆ, ಸುತ್ತಲಿನ ಜನ ದಡದಡ ಓಡುತ್ತಿರುತ್ತಾರೆ. ಕೋಲ್ಡ್‌ಪ್ಲೇ ತಂಡದ "ದ ಸೈಂಟಿಸ್ಟ್" ಹಾಡಿನ ವಿಡಿಯೊ ಕಾಲವನ್ನೇ ಹಿಂದಕ್ಕೆ ಓಡಿಸುತ್ತದೆ, ತುಟಿ ಮಾತ್ರ ಮುಂದಕ್ಕೆ. ಅದಕ್ಕಾಗಿ ತಂಡದ ಗಾಯಕ ಕ್ರಿಸ್ ಮಾರ್ಟಿನ್ ಇಡೀ ಹಾಡನ್ನು ಹಿಂದುಮುಂದಾಗಿ ಹಾಡಲು ಕಲಿತರು. ಯಂತ್ರ ಮಾಡಲಾರದ್ದನ್ನು ಬಾಯಿ ಮಾಡಿತು.

ಮುಂದಿನ ಸಲ ಇಂಥ ಶಾಟ್ ಕಂಡರೆ ಅದನ್ನು ಎಷ್ಟು ಫ್ರೇಮಿನಲ್ಲಿ ಹಿಡಿದರು ಅಂತ ನೀವೇ ಲೆಕ್ಕ ಹಾಕಬಹುದು. ಭಾರದ ವಸ್ತು ಬೀಳುವುದನ್ನು ಹುಡುಕಿ. ಕೈಯಿಂದ ಜಾರಿದ ಬೀಗದ ಕೈ ಆದೀತು. ಕೂದಲು, ಬಟ್ಟೆ ಬೇಡ, ಗಾಳಿ ಅವನ್ನು ತಡೆಯುತ್ತದೆ. ಮಳೆಹನಿಯೂ ಬೇಡ, ನೆಲದ ಹತ್ತಿರ ಬರುವಷ್ಟರಲ್ಲಿ ಅದು ಒಂದೇ ವೇಗದಲ್ಲಿ ಸಾಗುತ್ತಿರುತ್ತದೆ. ಎದೆಯ ಎತ್ತರ ಸುಮಾರು 1.25 ಮೀಟರ್ ಅಂದುಕೊಳ್ಳಿ. ಅಲ್ಲಿಂದ ನೆಲಕ್ಕೆ ಬೀಳಲು ನಿಜದಲ್ಲಿ ಅರ್ಧ ಸೆಕೆಂಡ್. ತೆರೆಯ ಮೇಲೆ ಒಂದು ಸೆಕೆಂಡ್ ಹಿಡಿದರೆ 48 ಫ್ರೇಮ್, ಒಂದೂಕಾಲು ಸೆಕೆಂಡ್ ಹಿಡಿದರೆ 60. ಏನೂ ಬೀಳದಿದ್ದರೆ ಗಾಯಕಿಯ ರೆಪ್ಪೆ ನೋಡಿ. ತುಟಿಗೆ ಅಭ್ಯಾಸ ಮಾಡಿಸಬಹುದು, ರೆಪ್ಪೆ ತನ್ನಷ್ಟಕ್ಕೆ ತಾನೇ ಬಡಿಯುತ್ತದೆ. ಹಾಡು ಚುರುಕಾಗಿ ಸಾಗುತ್ತಿರುವಾಗ ಅವಳ ಕಣ್ಣು ನಿದ್ದೆಗಣ್ಣಿನಂತೆ ಮೆಲ್ಲಗೆ ಮುಚ್ಚಿ ತೆರೆದರೆ, ಶೂಟಿಂಗ್ ದಿನ ಆ ಹಾಡು ಎರಡು ಪಟ್ಟು ಓಡಿತ್ತು ಅಂತಲೇ ಲೆಕ್ಕ.