ಟಿವಿಯು: ರೈಲ್ವೆ ಗೇಟ್ ಉಳಿಯುತ್ತೋ ಮುಚ್ಚುತ್ತೋ ಅನ್ನೋದರ ಹಿಂದಿನ ಲೆಕ್ಕ

ಗೇಟ್ ಮುಚ್ಚುತ್ತಾರಂತೆ ಅಂತ ಊರಲ್ಲಿ ಸುದ್ದಿ ಎದ್ದ ಕೂಡಲೇ ಮನವಿ ಪತ್ರ ತಯಾರಾಗುತ್ತದೆ. ಎಮ್ಮೆಲ್ಲೆ ಮನೆಗೆ ಒಂದು, ಡಿಸಿ ಆಫೀಸಿಗೆ ಒಂದು, ಪೇಪರಿನವರಿಗೆ ಒಂದು. ಅದೆಲ್ಲ ಇರಲಿ, ಬೇಕೇ ಬೇಕು. ಆದರೆ ಆ ಮನವಿಯಲ್ಲಿ "ನಮ್ಮ ಗೇಟಿನ ಟಿವಿಯು ಇಷ್ಟಿದೆ" ಅನ್ನೋ ಒಂದು ಸಾಲು ಇರೋದು ಅಪರೂಪ. ರೈಲ್ವೆಯವರ ಫೈಲಿನಲ್ಲಿ ಮಾತ್ರ ಮಾತು ಶುರುವಾಗೋದೇ ಅಲ್ಲಿಂದ.

ಟಿವಿಯು ಅಂದರೆ ಟ್ರೈನ್ ವೆಹಿಕಲ್ ಯೂನಿಟ್. 24 ತಾಸಿನಲ್ಲಿ ಗೇಟಿನ ಮೇಲೆ ಎಷ್ಟು ರೈಲು ಹೋದವು, ಅದೇ 24 ತಾಸಿನಲ್ಲಿ ಎಷ್ಟು ವಾಹನ ಗೇಟ್ ದಾಟಿದವು, ಇವೆರಡನ್ನೂ ಗುಣಿಸಿದರೆ ಬರೋದೇ ಟಿವಿಯು. ಅಷ್ಟೇ. ರೈಲು ಅಂದರೆ ಎಕ್ಸ್‌ಪ್ರೆಸ್, ಪ್ಯಾಸೆಂಜರ್, ಗೂಡ್ಸ್ ಎಲ್ಲಾ ಸೇರಿ. ಒಂದೊಂದಕ್ಕೂ ಒಂದು ಯೂನಿಟ್. ರಸ್ತೆ ಕಡೆಗೆ ಬಂದರೆ ಎಲ್ಲರೂ ಸಮ ಅಲ್ಲ. ಲಾರಿ, ಬಸ್ಸು, ಕಾರು, ಟ್ರ್ಯಾಕ್ಟರ್‌ಗೆ ಒಂದು ಯೂನಿಟ್. ಎತ್ತಿನ ಬಂಡಿಗೂ ಒಂದು, ಟಾಂಗಾಕ್ಕೂ ಒಂದು. ಆಟೋಗೆ ಅರ್ಧ. ಬೈಕು, ಸ್ಕೂಟರಿಗೆ ಕಾಲು. ನಡೆದು ದಾಟೋರಿಗೆ ಸೊನ್ನೆ.

ಒಂದು ಊಹೆಯ ಗೇಟ್ ಇಟ್ಟುಕೊಂಡು ಲೆಕ್ಕ ಹಾಕೋಣ. ದಿನಕ್ಕೆ 60 ರೈಲು. ರಸ್ತೆ ಮೇಲೆ ಲಾರಿ, ಬಸ್ಸು, ಕಾರು, ಟ್ರ್ಯಾಕ್ಟರ್ ಎಲ್ಲಾ ಸೇರಿ 200. ಎತ್ತಿನ ಬಂಡಿ 40. ಆಟೋ 60, ಅಂದರೆ 30 ಯೂನಿಟ್. ಬೈಕು 400, ಅಂದರೆ 100 ಯೂನಿಟ್. ಒಟ್ಟು 370. ಇದನ್ನ 60ರಿಂದ ಗುಣಿಸಿದರೆ 22,200. ಇದೇ ಆ ಗೇಟಿನ ಟಿವಿಯು.

ಈ ಸಂಖ್ಯೆ ನೋಡಿಕೊಂಡು ಗೇಟಿಗೆ ದರ್ಜೆ ಕೊಡ್ತಾರೆ. 50,000 ದಾಟಿದರೆ ಸ್ಪೆಷಲ್ ಕ್ಲಾಸ್. 30,000ದಿಂದ 50,000 ಇದ್ದರೆ ಎ ಕ್ಲಾಸ್. 20,000ದಿಂದ 30,000 ಬಿ ಕ್ಲಾಸ್. ಉಳಿದದ್ದು ಸಿ. ಡಿ ಅಂತ ಇನ್ನೊಂದಿದೆ, ಅದು ದನಕರು ದಾಟೋ ದಾರಿ. ನಮ್ಮ ಊಹೆಯ ಗೇಟು ಬಿ ಕ್ಲಾಸಿಗೆ ಬಂತು.

ಗುಣಾಕಾರ ಅಂದಮೇಲೆ ಎರಡರಲ್ಲಿ ಯಾವುದು ಜಾಸ್ತಿಯಾದರೂ ಉತ್ತರ ಏರುತ್ತದೆ, ಅಲ್ವಾ? ಅದೇ ಗೇಟಿನ ಮೇಲೆ ರೈಲು 60 ಹೋಗಿ 90 ಆದವು ಅಂತ ಇಟ್ಟುಕೊಳ್ಳಿ. ಊರಿನ ವಾಹನ ಒಂದೂ ಹೆಚ್ಚಿಲ್ಲ. ಆದರೂ ಟಿವಿಯು 33,300 ಆಗಿ ಗೇಟು ಎ ಕ್ಲಾಸಿಗೆ ಏರಿತು. ಬಳ್ಳಾರಿ ಜಿಲ್ಲೆಯಲ್ಲಿ ಇದನ್ನ ಬಿಡಿಸಿ ಹೇಳಬೇಕಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು, ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳು ಹಗಲು ರಾತ್ರಿ ಅನ್ನದೆ ಓಡ್ತವೆ, ಗುಂತಕಲ್‌ನಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ ಮೇಲೆ ಹುಬ್ಬಳ್ಳಿಗೆ ಹೋಗೋ ಲೈನು ಡಬಲ್ ಆಗಿದೆ, ಕರೆಂಟೂ ಬಂದಿದೆ. ರಾಯಚೂರು ಕಡೆ ಶಕ್ತಿನಗರದ ಥರ್ಮಲ್ ಸ್ಟೇಷನ್ನಿಗೆ ಕಲ್ಲಿದ್ದಲು ಹೋಗೋದೂ ರೈಲಿನಲ್ಲೇ. ಬೆಳಿಗ್ಗೆ ಶಾಲೆ ಹೊತ್ತಿಗೆ ಗೇಟ್ ಬಿದ್ದು, ಒಂದು ಗೂಡ್ಸು ಹೋಗಿ, ಇನ್ನೇನು ಎತ್ತುತ್ತಾರೆ ಅಂದುಕೊಂಡು ಎಲ್ಲರೂ ಕಿಕ್ ಹೊಡೆದು ಸ್ಟಾರ್ಟ್ ಮಾಡಿದ ಮೇಲೆ ಎದುರು ಕಡೆಯಿಂದ ಇನ್ನೊಂದರ ಹಾರ್ನ್ ಕೇಳಿಸಿದರೆ ಆಗೋ ಸಿಟ್ಟು ಇದೆಯಲ್ಲ, ಟಿವಿಯು ಏರಿದೆ ಅನ್ನೋದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ದೊಡ್ಡ ಗಡಿ ಇರೋದು 1 ಲಕ್ಷದ್ದು. ಟಿವಿಯು ಲಕ್ಷ ಮುಟ್ಟಿದ ಗೇಟಿನ ಜಾಗಕ್ಕೆ ಮೇಲ್ಸೇತುವೆ ಕಟ್ಟಿ, ಖರ್ಚನ್ನ ರೈಲ್ವೆ ಅರ್ಧ, ರಾಜ್ಯ ಸರ್ಕಾರ ಅರ್ಧ ಹಂಚಿಕೊಳ್ಳೋದು ಮೊದಲಿಂದ ನಡೆದು ಬಂದ ಪದ್ಧತಿ. ಬಳ್ಳಾರಿಯ ಸುಧಾ ಕ್ರಾಸ್, ಕೊಪ್ಪಳದ ಭಾಗ್ಯನಗರದಂಥ ಪೇಟೆಯ ಗೇಟುಗಳಲ್ಲಿ ಮೇಲ್ಸೇತುವೆ ಮಾತು ಬರೋದು ಇದಕ್ಕೇ. ಜೊತೆಗೊಂದು ಷರತ್ತು ಇರುತ್ತದೆ, ಜನ ಅದನ್ನ ಮರೆಯೋದೇ ಜಾಸ್ತಿ: ಸೇತುವೆ ಮೇಲೆ ಓಡಾಟ ಶುರುವಾದ ಮೇಲೆ ಕೆಳಗಿನ ಗೇಟು ಕಾಯಂ ಬಂದ್. ಸೇತುವೆನೂ ಬೇಕು, ಗೇಟೂ ಇರಲಿ ಅಂದರೆ ನಡೆಯೋದಿಲ್ಲ. ಸೇತುವೆ ಇಳಿಯೋ ಕಡೆ ಅಂಗಡಿ ಇಟ್ಟುಕೊಂಡೋರು ಆಮೇಲೆ ಗೋಳಾಡೋದು ಇದೇ ವಿಷಯಕ್ಕೆ.

ಪೇಟೆಯ ಗೇಟಿನ ಕಥೆ ಅದು. ಹಳ್ಳಿ ಗೇಟಿನ ಕಥೆ ತಿರುಗಾಮುರುಗಾ. ಅಲ್ಲಿ ಟಿವಿಯು ಕಮ್ಮಿ ಅನ್ನೋದೇ ಮುಚ್ಚೋಕೆ ಕಾರಣ. ದಿನಕ್ಕೆ ನಾಲ್ಕಾರು ಬಂಡಿ, ಹತ್ತಾರು ಬೈಕು ದಾಟೋ ಗೇಟಿಗೆ ಪಾಳಿ ಮೇಲೆ ಗೇಟ್‌ಮನ್ ಇಡಬೇಕು, ಸಿಗ್ನಲ್ ಜೋಡಿಸಬೇಕು, ಗೇಟ್ ಬೀಳದಿದ್ದರೆ ರೈಲು ನಿಲ್ಲಬೇಕು. ಯಾಕೆ ಬೇಕು, ಪಕ್ಕದ ಗೇಟಿಗೆ ಒಂದು ರಸ್ತೆ ಮಾಡಿಕೊಟ್ಟರೆ ಸಾಕಲ್ಲ ಅಂತ ರೈಲ್ವೆಯವರ ವಾದ. ಸುಳ್ಳೇನಲ್ಲ. ಕಾವಲಿಲ್ಲದ ಗೇಟುಗಳಲ್ಲಿ ಎಷ್ಟು ಜನ ಸತ್ತಿದ್ದಾರೆ ಅನ್ನೋದು ಎಲ್ಲರಿಗೂ ಗೊತ್ತು. 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ ಶಾಲಾ ಮಕ್ಕಳಿದ್ದ ವ್ಯಾನಿಗೆ ರೈಲು ಗುದ್ದಿದ್ದು ಅಂಥದೇ ಗೇಟಿನಲ್ಲಿ. ಬ್ರಾಡ್‌ಗೇಜ್ ಲೈನಿನ ಮೇಲಿದ್ದ ಅಂಥ ಗೇಟುಗಳನ್ನೆಲ್ಲ 2019ರ ಜನವರಿ ಕೊನೆಯ ಹೊತ್ತಿಗೆ ತೆಗೆದುಹಾಕಿದರು. ಈಗ ಸರದಿ ಕಾವಲಿರೋ ಗೇಟುಗಳದ್ದು. ಗಿಣಿಗೇರಾದಿಂದ ಗಂಗಾವತಿ, ಕಾರಟಗಿ, ಸಿಂಧನೂರು ಮೇಲೆ ರಾಯಚೂರಿಗೆ ಬರ್ತಿರೋ ಲೈನಿನಂಥ ಹೊಸ ಕಾಮಗಾರಿಗಳಲ್ಲಿ ಸಾಧ್ಯವಾದಷ್ಟು ಗೇಟೇ ಬೇಡ ಅಂತ ಮೊದಲೇ ಕೆಳಸೇತುವೆ, ಮೇಲ್ಸೇತುವೆ ಇಡ್ತಾರೆ.

ನನ್ನ ತಕರಾರು ಇರೋದು ಎಣಿಕೆ ಬಗ್ಗೆ. ಮೂರು ವರ್ಷಕ್ಕೊಮ್ಮೆ ಸೆನ್ಸಸ್ ಮಾಡ್ತಾರೆ, ಏಳು ದಿನ ಬಿಡದೆ ಎಣಿಸಿ ಸರಾಸರಿ ತೆಗೀತಾರೆ. ಗೇಟ್ ಪಕ್ಕದ ಬೇವಿನ ಮರದ ಕೆಳಗೆ ಒಬ್ಬ ಹಾಳೆ ಹಿಡಿದು ಕೂತು, ನಾಲ್ಕು ಗೀಟು ಎಳೆದು ಐದನೇದನ್ನ ಅಡ್ಡ ಹಾಕ್ತಾ ಹೋಗ್ತಾನೆ. ಗೀಟು ಸರಿಯಾಗೇ ಬೀಳಬಹುದು. ಆದರೆ ಆ ಏಳು ದಿನ ಯಾವ ತಿಂಗಳಲ್ಲಿ ಬಂದವು? ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಭತ್ತದ ಕೊಯ್ಲು ನಡೆದಾಗ ಹೊಲದ ದಾರಿಯಲ್ಲೂ ಟ್ರ್ಯಾಕ್ಟರ್ ಸಾಲು ನಿಲ್ಲುತ್ತದೆ. ಬಳ್ಳಾರಿ ಕಡೆ ಮೆಣಸಿನಕಾಯಿ ಚೀಲ ಹೇರಿದ ಗಾಡಿಗಳು ಬ್ಯಾಡಗಿ ದಾರಿ ಹಿಡಿಯೋ ಹೊತ್ತು, ರಾಯಚೂರಿನ ಎಪಿಎಂಸಿಗೆ ಹತ್ತಿ ಬರೋ ಹೊತ್ತು, ಎಲ್ಲದಕ್ಕೂ ಅದರದರ ತಿಂಗಳಿದೆ. ಕಾಲುವೆ ನೀರು ನಿಂತ ಮೇಲೆ, ಹೊಲ ಬಿರುಕು ಬಿಟ್ಟ ಬೇಸಿಗೆಯಲ್ಲಿ ಕೂತು ಎಣಿಸಿದರೆ ಅದೇ ಗೇಟು ಸತ್ತಂತೆ ಕಾಣುತ್ತದೆ.

ಎರಡನೇದು, ಈ ಲೆಕ್ಕ ಎಣಿಸೋದು ಗಾಡಿಯನ್ನ. ಮಕ್ಕಳು ತುಂಬಿದ ಒಂದು ಬಸ್ಸೂ ಒಂದೇ ಯೂನಿಟ್, ನಾಲ್ಕು ಬೈಕೂ ಒಂದೇ ಯೂನಿಟ್. ಕೂಲಿಗೆ ನಡೆದು ಹೋಗೋ ಹೆಣ್ಣುಮಕ್ಕಳು ಲೆಕ್ಕದಲ್ಲೇ ಇಲ್ಲ. ಕೊಪ್ಪಳದ ಕುರಿಗಾರ ಇನ್ನೂರು ಕುರಿ ಹೊಡೆದುಕೊಂಡು ದಾಟಿದರೂ ಹಾಳೆಯಲ್ಲಿ ಒಂದು ಗೀಟು ಬೀಳೋದಿಲ್ಲ. ಟಿವಿಯು ಇರೋದು ರೈಲಿಗೂ ಗಾಡಿಗೂ ಎಷ್ಟು ಸಲ ಮುಖಾಮುಖಿ ಆಗಬಹುದು ಅಂತ ಅಂದಾಜು ಮಾಡೋಕೆ, ಆ ಕೆಲಸಕ್ಕೆ ಅದು ಸರಿಯಾದ ಲೆಕ್ಕವೇ. ಯಾರಿಗೆ ದಾರಿ ಬೇಕು ಅನ್ನೋದಕ್ಕೆ ಅದನ್ನೇ ಉತ್ತರ ಅಂತ ಮುಂದಿಟ್ಟರೆ ನಾನು ಒಪ್ಪಲ್ಲ.

ಹಳ್ಳಿ ಗೇಟ್ ಮುಚ್ಚುವಾಗ ಬದಲಿಗೆ ಕೊಡೋದು ಹೆಚ್ಚಾಗಿ ಲಿಮಿಟೆಡ್ ಹೈಟ್ ಸಬ್‌ವೇ, ನಮ್ಮೋರ ಬಾಯಲ್ಲಿ ಅಂಡರ್‌ಪಾಸ್. ಹಳಿ ಕೆಳಗೆ ಕಾಂಕ್ರೀಟ್ ಡಬ್ಬಿ ಕೂರಿಸ್ತಾರೆ. ಹೆಸರೇ ಹೇಳೋ ಹಾಗೆ ಎತ್ತರ ಕಮ್ಮಿ. ಕಾರು, ಬೈಕು ಸಲೀಸಾಗಿ ಹೋಗ್ತವೆ; ಭತ್ತದ ಹುಲ್ಲು ಏರಿಸಿದ ಟ್ರ್ಯಾಕ್ಟರ್, ಕೊಯ್ಯೋ ಮಷಿನ್ ಬಾಯಲ್ಲೇ ಸಿಕ್ಕಿಕೊಳ್ತವೆ. ಮಳೆಗಾಲದಲ್ಲಿ ಇನ್ನೊಂದು ಕಾಟ. ಎರೆ ನೆಲ ನೀರು ಬೇಗ ಇಂಗಿಸಿಕೊಳ್ಳೋದಿಲ್ಲ, ಸುತ್ತಲ ಹೊಲದ ನೀರೆಲ್ಲ ಬಂದು ಅಲ್ಲೇ ನಿಲ್ಲುತ್ತದೆ, ಮೇಲೆ ಕಪ್ಪು ಕೆಸರು. ಪಂಪ್ ಇಟ್ಟಿರ್ತಾರೆ, ಕರೆಂಟ್ ಇರಲ್ಲ. ಆವಾಗ ಜನ ಏನು ಮಾಡ್ತಾರೆ? ಬೈಕನ್ನ ಇಬ್ಬರು ಎತ್ತಿ ಹಳಿ ದಾಟಿಸ್ತಾರೆ. ಅಪಾಯ ತಪ್ಪಿಸೋಕೆ ಗೇಟ್ ಮುಚ್ಚಿದ್ದು, ಈಗ ಕಾವಲುಗಾರನೇ ಇಲ್ಲದ ಕಡೆ ಅದೇ ಅಪಾಯ.

ಹಳಿ ರೈಲ್ವೆಯದು, ರಸ್ತೆ ರೈಲ್ವೆಯದಲ್ಲ. ಪಿಡಬ್ಲ್ಯುಡಿ, ಜಿಲ್ಲಾ ಪಂಚಾಯ್ತಿ, ನಗರಸಭೆ, ಯಾರ ರಸ್ತೆಯೋ ಅವರ ಜೊತೆ ಜಂಟಿ ಪರಿಶೀಲನೆ ಆಗಬೇಕು, ಜಿಲ್ಲಾಡಳಿತದ ಒಪ್ಪಿಗೆ ಬೇಕು. ಊರಿನೋರು ಬಾಯಿ ಬಿಡಬೇಕಾದ ಹೊತ್ತು ಇದು. ಅಂಡರ್‌ಪಾಸಿಗೆ ಗುಂಡಿ ತೋಡಿದ ಮೇಲೆ ಧರಣಿ ಕೂತು ಪ್ರಯೋಜನ ಕಮ್ಮಿ. ಸೆನ್ಸಸ್ ಹಾಳೆಯನ್ನ ಆರ್‌ಟಿಐ ಹಾಕಿ ಕೇಳಬಹುದು. ಅದರಲ್ಲಿ ಮೊದಲು ತಾರೀಕು ನೋಡಿ, ಎಣಿಸಿದ್ದು ಕೊಯ್ಲಿನಲ್ಲೋ ಬೇಸಿಗೆಯಲ್ಲೋ ತಿಳಿಯುತ್ತದೆ. ಬೈಕಿನ ಕಾಲು, ಆಟೋದ ಅರ್ಧ ಸರಿಯಾಗಿ ಕೂಡಿಸಿದ್ದಾರಾ ಅಂತ ನೀವೇ ಒಮ್ಮೆ ಲೆಕ್ಕ ಹಾಕಿ. ಬದಲಿ ದಾರಿ ಎಷ್ಟು ಕಿಲೋಮೀಟರ್ ಸುತ್ತು, ಅಂಡರ್‌ಪಾಸ್ ಎತ್ತರಕ್ಕೆ ನಿಮ್ಮೂರ ಹುಲ್ಲಿನ ಟ್ರ್ಯಾಕ್ಟರ್ ಹಿಡಿಸುತ್ತಾ, ನಿಂತ ನೀರನ್ನ ಯಾವ ಹಳ್ಳಕ್ಕೆ ಬಿಡ್ತಾರೆ, ಪಂಪಿನ ಕರೆಂಟ್ ಬಿಲ್ ಯಾರು ಕಟ್ತಾರೆ, ಇಷ್ಟಕ್ಕೂ ಬರಹದಲ್ಲೇ ಉತ್ತರ ಇಸ್ಕೊಳ್ಳಿ. ಗ್ರಾಮ ಸಭೆಯ ಠರಾವಿನಲ್ಲೂ ಅವನ್ನೇ ಬರೆಸಿ ಡಿಸಿಗೆ ಕಳಿಸಿ, ಒಪ್ಪಿಗೆಗೆ ಸಹಿ ಬೀಳೋಕೆ ಮುಂಚೆ.