ಗಾಯದೊಳಗೆ ಹೋಗಿ ಗಟ್ಟಿಯಾಗುವ ಜೆಲ್

ಹೋದ ಮಳೆಗಾಲದಲ್ಲಿ ಶಿರಸಿ ಕಡೆಯ ಅಡಿಕೆ ತೋಟದ ಹಿರಿಯರೊಬ್ಬರು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದಿದ್ದರು, ಕಾಲು ತೋರಿಸಲು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ ಕಡಲೆಕಾಳಿನಷ್ಟು ಗಾಯ, ಮೇಲೆ ಕಪ್ಪು ಹಕ್ಕಳೆ. "ಒಣಗಿದೆ ಅಲ್ವಾ ಡಾಕ್ಟ್ರೇ? ಗಾಳಿ ಆಡ್ಲಿ ಅಂತ ಬಿಚ್ಚೇ ಇಟ್ಟಿದ್ದೆ" ಎಂದರು. ಹಕ್ಕಳೆ ತೆಗೆದು ಸಲಾಕೆ ಇಳಿಸಿದೆ. ಎರಡು ಸೆಂಟಿಮೀಟರ್ ಒಳಗೆ ಹೋಯಿತು. ಅವರು ಮುಖ ಕೂಡ ಕಿವುಚಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ: ಕಾಲಿಗೆ ನೋವೇ ಗೊತ್ತಾಗುತ್ತಿರಲಿಲ್ಲ.

ಗಾಯ ವಾಸಿಯಾಯಿತು ಎನ್ನಲು ನಾವು 'ಒಣಗಿತು' ಎನ್ನುತ್ತೇವೆ. ಆದರೆ ಒಣಗುವುದು ಬೇರೆ, ಮಾಯುವುದು ಬೇರೆ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು: ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯದಲ್ಲಿ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹಬ್ಬುತ್ತದೆ. ಚರ್ಮದ ಜೀವಕೋಶಗಳು ತೇವವಿದ್ದರೆ ಸಲೀಸಾಗಿ ತೆವಳುತ್ತವೆ. ಹಕ್ಕಳೆಯಿದ್ದರೆ ಅದರ ಅಡಿಯಲ್ಲಿ ದಾರಿ ಕೊರೆಯುತ್ತಾ ಹೋಗಬೇಕು.

ಹಾಗಂತ ಒದ್ದೆ ಬಟ್ಟೆ ಸುತ್ತಿಟ್ಟರೆ ಆಗಲಿಲ್ಲ. ನಾಟಿ ಗದ್ದೆಯಲ್ಲಿ ದಿನವಿಡೀ ನಿಂತ ಕಾಲಿನಂತೆ ಸುತ್ತಲ ಚರ್ಮ ಬಿಳುಚಿ ಮೆತ್ತಗಾಗುತ್ತದೆ. ನೀರನ್ನು ಹಿಡಿದಿಟ್ಟುಕೊಳ್ಳುವ ವಸ್ತು ಬೇಕು. ಅದೇ ಹೈಡ್ರೋಜೆಲ್. ಕಾಮಕಸ್ತೂರಿ ಬೀಜ ನೆನೆಸಿದರೆ ಸುತ್ತ ಲೋಳೆ ಕಟ್ಟುತ್ತದಲ್ಲ, ಹಾಗೆ. ಬಹುಪಾಲು ನೀರು, ಅದನ್ನು ಹಿಡಿದಿರುವುದು ಉದ್ದುದ್ದ ಅಣುಗಳ ಬಲೆ. ಟ್ಯೂಬಿನಲ್ಲಿ ಬರುವ ಜೆಲ್ಲನ್ನು ಒಣ ಗಾಯಗಳಿಗೆ ನಾವು ಈಗಾಗಲೇ ಹಚ್ಚುತ್ತೇವೆ. ಸುರಂಗದಂಥ ಗಾಯದಲ್ಲಿ ಅದು ನಿಲ್ಲುವುದಿಲ್ಲ, ಜಾರಿ ಹೊರಗೆ ಬರುತ್ತದೆ.

ಇಂಜೆಕ್ಷನ್ ಜೆಲ್ ಬಗ್ಗೆ ಇಷ್ಟೊಂದು ಸಂಶೋಧನೆ ನಡೆಯುತ್ತಿರುವುದು ಇದಕ್ಕೇ. ಸಿರಿಂಜಿನಲ್ಲಿ ದ್ರವ, ಒಳಗೆ ಹೋದ ಮೇಲೆ ಗಾಯದ ಆಕಾರಕ್ಕೇ ಗಟ್ಟಿ. ಒಂದು ಬಗೆ ನಮ್ಮ ಕರಾವಳಿಗೆ ತೀರಾ ಹತ್ತಿರದ್ದು. ಶೆಟ್ಲಿ, ಅಂದರೆ ಸಿಗಡಿಯ ಸಿಪ್ಪೆಯನ್ನು ಆಮ್ಲ, ಕ್ಷಾರಗಳಲ್ಲಿ ಸಂಸ್ಕರಿಸಿದರೆ ಕೈಟೋಸಾನ್ ಸಿಗುತ್ತದೆ. ಅದಕ್ಕೆ ಗ್ಲಿಸರೋಫಾಸ್ಫೇಟ್ ಎಂಬ ಲವಣ ಬೆರೆಸಿದರೆ ತಣ್ಣಗಿರುವಾಗ ನೀರಿನಂತೆ ಹರಿಯುತ್ತದೆ, ಮೈಯ 37 ಡಿಗ್ರಿ ಬಿಸಿಗೆ ಹೆಪ್ಪುಗಟ್ಟುತ್ತದೆ. ಚೈನಾ ಗ್ರಾಸಿಗೆ ಪೂರ್ತಿ ಉಲ್ಟಾ! ಕೈಟೋಸಾನ್ ರಕ್ತ ಸೋರುವುದನ್ನೂ ತಡೆಯುತ್ತದೆ. ಇದನ್ನು ಹೇಳಿದಾಗ ಆ ಹಿರಿಯರು, "ಶೆಟ್ಲಿ ಸಿಪ್ಪೆಯಾ? ಮನೇಲಿ ಹೇಳ್ಬೇಡಿ ಮಾರಾಯ್ರೆ" ಎಂದು ನಕ್ಕರು. ಬೇಡದವರಿಗೆ ಕಂದು ಕಡಲಪಾಚಿಯ ಆಲ್ಜಿನೇಟ್ ಇದೆ, ಅದು ಕ್ಯಾಲ್ಸಿಯಂ ತಾಗಿದರೆ ಗಟ್ಟಿಯಾಗುತ್ತದೆ.

ಇನ್ನು ಪೊಲಾಕ್ಸಮರ್ ಎಂಬ ಜೆಲ್. ತುಸು ಗಾಢವಾಗಿದ್ದರೆ 25 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಏಪ್ರಿಲ್ ಸೆಕೆಯಲ್ಲಿ ಕರೆಂಟ್ ಹೋಗಿ ಫ್ರಿಜ್ ನಿಂತರೆ ಸಿರಿಂಜಿನೊಳಗೇ ಹೆಪ್ಪು. ಲ್ಯಾಬಿನಲ್ಲಿ ಕೂತವರಿಗೆ ಇದು ಸುಮ್ನೆ ಹೊಳೆಯುವುದಿಲ್ಲ.

ಹೃದಯಾಘಾತವಾದವರಿಗೂ ಇಂಥ ಜೆಲ್ ಕೊಟ್ಟು ನೋಡಿದ್ದಾರೆ. ರಕ್ತನಾಳದ ಮೂಲಕ ಆಲ್ಜಿನೇಟ್ ಬಿಟ್ಟು, ಘಾಸಿಯಾದ ಹೃದಯದ ಗೋಡೆಗೆ ಆಸರೆ ಕೊಡುವ ಯೋಚನೆ. ಪ್ರಾಣಿಗಳಲ್ಲಿ ಚೆನ್ನಾಗಿತ್ತು. 303 ರೋಗಿಗಳ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾದಾಗ, ಹೃದಯ ಹಿಗ್ಗುವುದು ತಗ್ಗಿರಲಿಲ್ಲ. ಹಾಗಾಗಿ ಇಲಿಯ ಬೆನ್ನಿನ ಗಾಯ ಮಾಯ್ದ ಸುದ್ದಿ ಓದಿದರೆ ನಾನು ಜಾಸ್ತಿ ಕುಣಿಯುವುದಿಲ್ಲ. ಇಲಿಯ ಚರ್ಮ ಹೆಚ್ಚಾಗಿ ಕುಗ್ಗಿಕೊಂಡೇ ಗಾಯ ಮುಚ್ಚುತ್ತದೆ, ನಮ್ಮದು ಹಾಗಲ್ಲ.

ಆ ಹಿರಿಯರಿಗೆ ಇಂಥ ಜೆಲ್ ಕೈಯಲ್ಲಿದ್ದರೂ ಮೊದಲ ದಿನ ನಾನು ತುಂಬುತ್ತಿರಲಿಲ್ಲ. ಒಳಗೆ ಕೀವಿತ್ತು. ಅದರ ಮೇಲೆ ಮುಚ್ಚಳ ಹಾಕಿದರೆ ಸೋಂಕು ಮೂಳೆಗೆ ಇಳಿಯಬಹುದು. ಬಾಯಿ ಅಗಲಿಸಿ ಸತ್ತ ಮಾಂಸ ತೆಗೆದೆವು, ಎಕ್ಸ್-ರೇ ನೋಡಿದೆವು, ಪಾದಕ್ಕೆ ರಕ್ತ ಬರುತ್ತಿದೆಯೇ ಎಂದು ನಾಡಿ ಹಿಡಿದೆವು. ಇನ್ಸುಲಿನ್ ಶುರುವಾಯಿತು. ಗಾಯದ ಮೇಲೆ ಭಾರ ಬೀಳದ ಹಾಗೆ ಕಾಲಿಗೆ ಪಟ್ಟಿ ಹಾಕಿದೆವು. ಅವರು ಬೇಸರಪಟ್ಟಿದ್ದು ಈ ಪಟ್ಟಿಗೇ. ತೋಟಕ್ಕೆ ಹೋಗುವ ಹಾಗಿಲ್ಲ, ಕೊಳೆರೋಗಕ್ಕೆ ಔಷಧಿ ಹೊಡೆಯುವ ಹೊತ್ತು ಬೇರೆ.

ಮಾಯಲು ಹತ್ತು ವಾರ ಹಿಡಿಯಿತು. ಈಗ ಎಂಸಿಆರ್ ಚಪ್ಪಲಿ, ಅಂದರೆ ಮೆತ್ತನೆಯ ರಬ್ಬರಿನ ಚಪ್ಪಲಿ ಹಾಕುತ್ತಾರೆ. ದೇವರ ಕೋಣೆಯ ಬಾಗಿಲವರೆಗೂ.