ಮೂವತ್ತು ಪರ್ಸೆಂಟ್‌ಗಿಂತ ಜಾಸ್ತಿ ಕೇಳೋ ಹಾಗಿಲ್ವಂತೆ, ಹೌದಾ ಅಕ್ಕಾ?

ಪ್ರಶ್ನೆ: “ಅಕ್ಕಾ, ಡೆವಲಪರ್ ಆಗಿ ಸೇರಿ ಎರಡು ವರ್ಷ ಆಯ್ತು. ಈಗ ಸಿಟಿಸಿ, ಅಂದ್ರೆ ಕಂಪನಿ ನನ್ನ ಮೇಲೆ ವರ್ಷಕ್ಕೆ ಮಾಡೋ ಒಟ್ಟು ಖರ್ಚು, 3.6 ಲಕ್ಷ. ಈ ಸಲ ಹೈಕ್ ಕೇಳೋಣ ಅಂತಿದ್ದೀನಿ. ಕೊಡದಿದ್ದರೆ ಬೇರೆ ಕಡೆ ನೋಡ್ತೀನಿ. ಎಷ್ಟು ಕೇಳಬಹುದು? ಹಳೇ ಸಂಬಳದ ಮೇಲೆ ಶೇ. 30ಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ ಅಂತಾರಲ್ಲ?”

ಮಾವಿನಕಾಯಿ ಬರುವ ಹೊತ್ತಿಗೆ ಈ ಪ್ರಶ್ನೆಯೂ ಬರುತ್ತದೆ, ಪ್ರತಿ ವರ್ಷ. ಊರು ಬೇರೆ, ಕಾಲೇಜು ಬೇರೆ, ಸಂಬಳದ ಅಂಕಿ ಸ್ವಲ್ಪ ಆಚೀಚೆ. ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ. ಆ ಮೂವತ್ತು! ಅದರ ಹತ್ತಿರ ಆಮೇಲೆ ಬರ್ತೀನಿ. ಇವತ್ತು ಅದನ್ನು ಸುಮ್ನೆ ಬಿಡುವುದಿಲ್ಲ.

ಮೊದಲು ಸುಲಭದ್ದು ಮುಗಿಸೋಣ. ಇರುವ ಕಂಪನಿಯಲ್ಲೇ ಹೈಕ್ ಕೇಳುವುದಾದರೆ ಯುಗಾದಿಗೆ ಕೇಳಬೇಡಿ, ಸಂಕ್ರಾಂತಿಗೆ ಕೇಳಿ. ಏಪ್ರಿಲ್‌ನಲ್ಲಿ ಲೆಟರ್ ಕೊಡುವ ಕಂಪನಿಗಳಲ್ಲಿ ಯಾರಿಗೆ ಎಷ್ಟು ಎಂಬುದು ಅದಕ್ಕೂ ಮೊದಲೇ ಎಕ್ಸೆಲ್ ಶೀಟಿನಲ್ಲಿ ಕೂತಿರುತ್ತದೆ. ಲೆಟರ್ ಕೈಗೆ ಬಂದ ಮೇಲೆ ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗುವುದು, ಪಂಕ್ತಿ ಎದ್ದ ಮೇಲೆ ಎಲೆ ಹಾಕಿ ಅಂದ ಹಾಗೆ. ಅವರಿಗೂ ಬೇಜಾರು, ನಿಮಗೂ ಬೇಜಾರು.

ಹೋಗುವಾಗ ಒಂದು ಹಾಳೆ ಬರೆದುಕೊಂಡು ಹೋಗಿ. “ರಾತ್ರಿ ಹನ್ನೊಂದರವರೆಗೆ ಕೂತಿದ್ದೆ” ಅಂತ ಅದರಲ್ಲಿ ಬರೆಯಬೇಡಿ. 40 ನಿಮಿಷ ಹಿಡಿಯುತ್ತಿದ್ದ ಬಿಲ್ಡ್ (ಬರೆದ ಕೋಡನ್ನು ಓಡುವ ಸಾಫ್ಟ್‌ವೇರ್ ಆಗಿಸುವ ಕೆಲಸ) ಈಗ 12 ನಿಮಿಷಕ್ಕೆ ಮುಗಿಯುತ್ತದೆ, ಅದನ್ನು ಮಾಡಿದ್ದು ನಾನು ಅಂತ ಬರೆಯಿರಿ. ಪಿಜಿ ಬಾಡಿಗೆ ಏರಿದೆ, ಬೈಕ್ ಇಎಂಐ ಇದೆ ಅನ್ನುವುದೂ ಬೇಡ. ನಿಮ್ಮ ಮ್ಯಾನೇಜರ್ ಕೆಟ್ಟವರು ಅಂತಲ್ಲ. ನಿಮ್ಮ ಪರವಾಗಿ ಅವರು ಇನ್ನೊಂದು ರೂಮಿನಲ್ಲಿ ಕೂತು ವಾದ ಮಾಡಬೇಕಾಗುತ್ತದೆ. ಅಲ್ಲಿ ನಿಮ್ಮ ಬೈಕಿನ ಕಥೆ ಹೇಳೋಕಾಗಲ್ಲ. ಬಿಲ್ಡ್‌ನ ಕಥೆ ಹೇಳಬಹುದು.

ಇಷ್ಟಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಶುರು. “ಅದೆಲ್ಲಾ ಸರಿ ಅಕ್ಕಾ, ಆದರೆ ಮೂವತ್ತು...”

ಈ ಮೂವತ್ತನ್ನು ನಿಮಗೆ ಹೇಳಿದ್ದು ಯಾರು? ಯೋಚಿಸಿ ನೋಡಿ. ಒಂದೋ ಕನ್ಸಲ್ಟೆನ್ಸಿಯಿಂದ ಫೋನ್ ಮಾಡಿದವರು, ಇಲ್ಲ ಅವರಿಂದ ಕೇಳಿಸಿಕೊಂಡ ಸೀನಿಯರ್. ಫೋನ್ ಎತ್ತಿದ ಕೂಡಲೇ ಮೂರು ಪ್ರಶ್ನೆ: ಈಗಿನ ಸಿಟಿಸಿ, ಎಕ್ಸ್‌ಪೆಕ್ಟೆಡ್ ಸಿಟಿಸಿ, ನೋಟಿಸ್ ಪೀರಿಯಡ್. ಹೆಸರು ಸರಿಯಾಗಿ ಹೇಳುವುದಕ್ಕೆ ಮುಂಚೆ ಸಂಬಳ ಹೇಳಿರುತ್ತೀರಿ. ನೀವು ಎರಡನೇ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಅವರೇ “ಮ್ಯಾಕ್ಸಿಮಮ್ ಥರ್ಟಿ ಪರ್ಸೆಂಟ್ ಕೊಡಬಹುದು, ಕಂಪನಿ ಪಾಲಿಸಿ” ಅಂದುಬಿಡುತ್ತಾರೆ. ಪಾಲಿಸಿ ಅಂದರೆ ಸಾಕು, ನಾವು ದೇವಸ್ಥಾನದಲ್ಲಿ ನಿಂತ ಹಾಗೆ ಕೈ ಕಟ್ಟಿಕೊಳ್ಳುತ್ತೇವೆ.

ಸ್ಪಷ್ಟವಾಗಿ ಹೇಳಿಬಿಡ್ತೀನಿ. ಅಂಥದ್ದೊಂದು ಕಾನೂನು ಈ ದೇಶದಲ್ಲಿಲ್ಲ. ಕೆಲವು ಕಂಪನಿಗಳು ಒಳಗೊಳಗೆ ಹಾಗೊಂದು ಗೆರೆ ಎಳೆದುಕೊಂಡಿರಬಹುದು. ಅದು ಅವರ ಅನುಕೂಲಕ್ಕೆ. ನಿಮ್ಮ ಹಣೆಯ ಮೇಲೆ ಬರೆದಿಲ್ಲ.

ಬೆಂಗಳೂರಿನಲ್ಲಿ ಮನೆ ಹುಡುಕಿದ್ದೀರಲ್ಲ? ವಿಜಯನಗರದಲ್ಲಿ ಒಂದು ಸಿಂಗಲ್ ಬೆಡ್‌ರೂಮ್ ನೋಡಿದಿರಿ ಅಂದುಕೊಳ್ಳಿ. ಓನರ್ ನಿಮ್ಮನ್ನು “ಹಳೇ ಮನೆಗೆ ಎಷ್ಟು ಬಾಡಿಗೆ ಕೊಡ್ತಿದ್ರಿ?” ಅಂತ ಕೇಳಿ, ಎಂಟು ಸಾವಿರ ಅಂದ ಕೂಡಲೇ, “ಹಾಗಾದರೆ ಅದರ ಮೇಲೆ ಮೂವತ್ತು ಪರ್ಸೆಂಟ್ ಹಾಕಿ ಕೊಡಿ ಸಾಕು” ಅಂದರಾ? ಅನ್ನಲ್ಲ. ಆ ಮನೆಗೆ ಒಂದು ರೇಟ್ ಇದೆ. ನೀವು ಇಂದಿರಾನಗರದಿಂದ ಬಂದರೂ ಅದೇ, ಇಂಡಿಯಿಂದ ಬಂದರೂ ಅದೇ. ಕೆಲಸವೂ ಹಾಗೇ. ಆ ಸೀಟಿಗೆ ಒಂದು ಬಜೆಟ್ ಇರುತ್ತದೆ. ಇಂಟರ್ವ್ಯೂ ಪ್ಯಾನೆಲ್‌ನಲ್ಲಿ ಹತ್ತು ವರ್ಷದಿಂದ ಕೂರುತ್ತಿದ್ದೇನೆ, ಹುದ್ದೆ ತೆರೆಯುವಾಗ ನಾನೇ ಆ ಫಾರ್ಮ್ ತುಂಬುತ್ತೇನೆ. ಅದರಲ್ಲಿ ಇಷ್ಟರಿಂದ ಇಷ್ಟು ಅಂತ ಒಂದು ಬ್ಯಾಂಡ್ ಇರುತ್ತದೆ. ನಿಮ್ಮ ಹೆಸರು, ನಿಮ್ಮ ಹಳೇ ಸಂಬಳ ಇನ್ನೂ ಯಾರಿಗೂ ಗೊತ್ತಿರುವುದಿಲ್ಲ. ಆದರೂ ರೇಟ್ ಆಗಲೇ ಬರೆದಾಗಿರುತ್ತದೆ!

ಈಗ ಲೆಕ್ಕ. ಪೆನ್ನು ತಗೊಳ್ಳಿ. ನೀವು 3.6 ಲಕ್ಷಕ್ಕೆ ಸೇರಿದವರು. ನಿಮ್ಮಷ್ಟೇ ಕೋಡ್ ಬರೆಯುವ ಇನ್ನೊಬ್ಬಳು ಕ್ಯಾಂಪಸ್‌ನಿಂದಲೇ 8 ಲಕ್ಷಕ್ಕೆ ಸೇರಿದಳು. ಇಬ್ಬರೂ ಒಂದೇ ಟೀಮಿಗೆ, ಒಂದೇ ಹುದ್ದೆಗೆ ಬಂದಿರಿ. ಮೂವತ್ತರ ಸೂತ್ರ ಹಾಕಿದರೆ ನಿಮಗೆ 4.68, ಅವಳಿಗೆ 10.4. ಕೆಲಸ ಒಂದೇ, ಬಗ್‌ಗಳೂ ಒಂದೇ. ಇನ್ನೂ ಮುಂದೆ ಹೋಗಿ. ನೀವು ಮೂರು ಸಲ ಕಂಪನಿ ಬದಲಾಯಿಸಿ, ಮೂರು ಸಲವೂ ಪೂರ್ತಿ ಮೂವತ್ತು ಗಿಟ್ಟಿಸಿಕೊಂಡಿರಿ. 4.68 ಆಯ್ತು, 6.08 ಆಯ್ತು, 7.9 ಆಯ್ತು. ಅವಳು ಮೊದಲ ದಿನ ನಿಂತಿದ್ದ ಜಾಗಕ್ಕೆ ಇನ್ನೂ ಹತ್ತು ಸಾವಿರ ಬಾಕಿ. ಇದಕ್ಕೆ ಹೈಕ್ ಅಂತ ಹೆಸರು. ನಾನಾದರೆ ಹಳೇ ಸಾಲದ ಬಡ್ಡಿ ಅಂತೀನಿ. ಇಪ್ಪತ್ತೊಂದನೇ ವಯಸ್ಸಲ್ಲಿ ಯಾವ ಕಾಲೇಜಿನ ಕ್ಯಾಂಪಸ್‌ಗೆ ಯಾವ ಕಂಪನಿ ಬಂತು ಅನ್ನುವುದರ ಬಡ್ಡಿಯನ್ನು ಮೂವತ್ತೈದರವರೆಗೆ ಕಟ್ಟುತ್ತಾ ಇರುವುದು.

ಕಟ್ಟಿದ್ದೇನೆ, ಅದಕ್ಕೇ ಹೇಳ್ತಿರೋದು. 2010ರಲ್ಲಿ ಮೊದಲ ಸಲ ಕಂಪನಿ ಬದಲಾಯಿಸಿದಾಗ ಎಚ್‌ಆರ್ “ಪಾಲಿಸಿ” ಅಂದರು, ನಾನು ಥ್ಯಾಂಕ್ಸ್ ಅಂದೆ. ಆರು ತಿಂಗಳಾದ ಮೇಲೆ ಕ್ಯಾಂಟೀನಿನಲ್ಲಿ ಮೊಸರನ್ನ ತಿನ್ನುತ್ತಾ ಪಕ್ಕದ ಸೀಟಿನವನು ಮಾತಿನ ಭರದಲ್ಲಿ ತನ್ನ ಸಂಬಳ ಹೇಳಿಬಿಟ್ಟ. ನನಗಿಂತ ವರ್ಷಕ್ಕೆ 1.8 ಲಕ್ಷ ಜಾಸ್ತಿ. ಅವನ ಕೋಡನ್ನು ರಿವ್ಯೂ ಮಾಡುತ್ತಿದ್ದವಳು ನಾನೇ, ಹಾಗಾಗಿ ಅದು ಹೇಗಿತ್ತು ಅಂತ ಹೇಳುವುದು ಚೆನ್ನಾಗಿರಲ್ಲ. ಅವನು ಮಾಡಿದ್ದಿಷ್ಟೇ, ಹಿಂದಿನ ಕಂಪನಿಯಲ್ಲಿ ಜಾಸ್ತಿ ತಗೊಳ್ಳುತ್ತಿದ್ದ.

ಈ “ಹಿಂದಿನ ಸಂಬಳ ಎಷ್ಟು” ಅನ್ನುವ ಪ್ರಶ್ನೆಯನ್ನೇ ಕೆಲವು ಕಡೆ ಕಾನೂನು ತಡೆದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ 2016ರಲ್ಲಿ ಕಾನೂನು ಮಾಡಿತು, 2018ರ ಜುಲೈನಿಂದ ಜಾರಿಗೆ ಬಂತು. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದಲೇ ಇದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನದಲ್ಲೂ ಇದೇ ಮಾತಿದೆ. ಕಾರಣ ಸರಳ. ಮೊದಲ ಕೆಲಸದಲ್ಲಿ ಹೆಣ್ಣು ಅಂತ ಕಡಿಮೆ ಕೊಟ್ಟರೆ, ಅದರ ಮೇಲೆ ಪರ್ಸೆಂಟ್ ಹಾಕುತ್ತಾ ಹೋದ ಹಾಗೆ ಆ ಕಡಿಮೆ ಅನ್ನುವುದು ಜೀವನಪೂರ್ತಿ ಬೆನ್ನಿಗೆ ಬರುತ್ತದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಔಟರ್ ರಿಂಗ್ ರೋಡಿನಲ್ಲಿ ಆಫೀಸು ಇಟ್ಟಿರುವ ಅಮೆರಿಕದ ಕಂಪನಿ, ಅಲ್ಲಿನ ಕ್ಯಾಲಿಫೋರ್ನಿಯಾದ ಹುಡುಗನಿಗೆ ಕೇಳುವ ಹಾಗಿಲ್ಲದ ಪ್ರಶ್ನೆಯನ್ನು ಇಲ್ಲಿ ಮಾರತ್ತಹಳ್ಳಿಯ ಹುಡುಗನಿಗೆ ಕೇಳಬಹುದು. ಕೇಳಲಿ. ಉತ್ತರ ಹೇಳುವ ರೀತಿ ನಿಮ್ಮ ಕೈಲಿದೆ.

ಇಲ್ಲೇ ಕೆಲವರು ಜಾಣರಾಗಿಬಿಡುತ್ತಾರೆ. “ಹಾಗಾದ್ರೆ 6 ಲಕ್ಷ ಬರ್ತಿದೆ ಅಂತ ಸುಳ್ಳು ಹೇಳಿದ್ರೆ?” ಖಂಡಿತ ಬೇಡ. ಕೊನೆಗೆ ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ, ಸಂಬಳ, ತೆರಿಗೆಯ ಲೆಕ್ಕವಿರುವ ಫಾರಂ 16 ಕೇಳುತ್ತಾರೆ. ಪಿಎಫ್‌ನ ಯುಎಎನ್, ಅಂದರೆ ಕಂಪನಿ ಬದಲಾದರೂ ಬದಲಾಗದ ನಂಬರ್, ನೋಡಿದರೆ ಎಲ್ಲೆಲ್ಲಿ ಎಷ್ಟು ದಿನ ಇದ್ದಿರಿ ಅಂತ ಗೊತ್ತಾಗುತ್ತದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬಿದ್ದು, ಹಳೇ ಕಡೆ ರಾಜೀನಾಮೆ ಕೊಟ್ಟು, ಹೊಸ ಕಡೆ ಆಫರ್ ಹೋದವರನ್ನು ನೋಡಿದ್ದೇನೆ. ನಿಜ ಹೇಳಿ. ಅದರ ಮೇಲೆ ಲೆಕ್ಕ ಶುರುವಾಗಲು ಬಿಡಬೇಡಿ, ಅಷ್ಟೇ. “ಈಗ 3.6 ಇದೆ. ಆದರೆ ನಾನು ನೋಡ್ತಿರೋದು ಈ ಹುದ್ದೆಗೆ ನಿಮ್ಮ ಬಜೆಟ್ ಎಷ್ಟು ಅಂತ.” ಇಷ್ಟು ಹೇಳಿ ಸುಮ್ಮನಾಗಿ. ಆ ಸುಮ್ಮನಿರುವುದೇ ಕಷ್ಟ. ನಾಲ್ಕು ಸೆಕೆಂಡ್ ಆಗುವಷ್ಟರಲ್ಲಿ ನಮ್ಮವರು “ಪರವಾಗಿಲ್ಲ ಸರ್, ನೀವು ನೋಡಿ ಕೊಡಿ” ಅಂದುಬಿಡುತ್ತಾರೆ. ನೋಡಿ ಕೊಡುತ್ತಾರೆ, ಯಾಕೆ ಕೊಡಲ್ಲ? ಶೇ. 30.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಒಂದೇ ಕಂಪನಿಯೊಳಗಿನ ವಾರ್ಷಿಕ ಹೈಕಿನಲ್ಲಿ ಪರ್ಸೆಂಟ್ ಅನ್ನುವುದು ನಿಜವಾದ ಬೇಲಿ. ಮ್ಯಾನೇಜರ್‌ಗೆ ಇಡೀ ಟೀಮಿಗೆ ಅಂತ ಒಂದು ಮೊತ್ತ ಬಂದಿರುತ್ತದೆ. ನಿಮಗೆ ಜಾಸ್ತಿ ಹಾಕಿದರೆ ಇನ್ನೊಬ್ಬರಿಗೆ ಕಡಿಮೆ. ಅಲ್ಲಿ ದುಪ್ಪಟ್ಟು ಕೇಳಿದರೆ ನಗುತ್ತಾರೆ. ಅಲ್ಲಿ ಕೇಳಬೇಕಾದದ್ದು ಪ್ರಮೋಷನ್, ಇಲ್ಲವೇ ಕರೆಕ್ಷನ್. ಅಂದರೆ, ಹೊಸದಾಗಿ ಸೇರುವವರಿಗೆ ಇದೇ ಹುದ್ದೆಗೆ ಕೊಡುವಷ್ಟು ನನಗೂ ಕೊಡಿ ಅನ್ನುವುದು. ಮತ್ತೆ, ಎರಡು ವರ್ಷದಲ್ಲಿ ನೀವು ಬರೀ ಟಿಕೆಟ್ (ಬಂದ ದೂರು, ಸಣ್ಣಪುಟ್ಟ ಕೆಲಸ) ಮುಚ್ಚಿದ್ದೀರಿ, ಸ್ವಂತವಾಗಿ ಒಂದು ಫೀಚರ್ ಕಟ್ಟಿಲ್ಲ ಅನ್ನುವುದಾದರೆ, ಮೂವತ್ತು ಸಿಕ್ಕರೆ ಖುಷಿಯಾಗಿ ತಗೊಳ್ಳಿ. ನಿಮ್ಮ ಹಾಗೆ ಎರಡು ವರ್ಷದವರು ಈ ಊರಿನಲ್ಲಿ ತುಂಬಾ ಜನ ಇದ್ದಾರೆ. ಬ್ಯಾಂಡ್‌ನ ಮೇಲ್ತುದಿ ಕೇಳುವವರ ಹತ್ತಿರ ತೋರಿಸೋಕೆ ಏನಾದರೂ ಇರಬೇಕು.

ಅಂಕಿ ಬಂದ ಮೇಲೂ ಮೋಸ ಹೋಗುವವರಿದ್ದಾರೆ. “6 ಲಕ್ಷ ಅಕ್ಕಾ, ತಿಂಗಳಿಗೆ 50 ಸಾವಿರ!” ಅಲ್ಲಪ್ಪಾ. ಬೇಸಿಕ್, ಅಂದರೆ ಮೂಲ ವೇತನ, 3 ಲಕ್ಷ ಅಂದುಕೊಳ್ಳಿ. ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ) ಸಿಟಿಸಿಯ ಶೇ. 10, ಅಂದರೆ 60,000, ವರ್ಷದ ಕೊನೆಗೆ ಬಂದರೆ ಬಂತು. ಕಂಪನಿ ಕಟ್ಟುವ ಪಿಎಫ್ ತಿಂಗಳಿಗೆ 1,800ರಂತೆ 21,600. ಬೇಸಿಕ್‌ನ ಶೇ. 4.81 ಗ್ರ್ಯಾಚುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು), 14,430. ಇದನ್ನೆಲ್ಲಾ ಕಳೆದು 12ರಿಂದ ಭಾಗಿಸಿ. ನಿಮ್ಮ ಪಾಲಿನ ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200 ತೆಗೆಯಿರಿ. ಕೈಗೆ ಬರುವುದು 40 ಸಾವಿರ, ಅದರಲ್ಲೂ ಎರಡು ಮೂರು ರೂಪಾಯಿ ಕಡಿಮೆ. ಪಿಎಫ್ ಅನ್ನು ಪೂರ್ತಿ ಬೇಸಿಕ್ ಮೇಲೆ ಹಿಡಿಯುವ ಕಂಪನಿಯಾದರೆ ಇನ್ನೂ ಕಡಿಮೆ. ಆ ಗ್ರ್ಯಾಚುಟಿಯೂ ಅಷ್ಟೇ, ಕಾಯಂ ನೌಕರರಿಗೆ ಐದು ವರ್ಷ ಆದರೆ ಸಿಗುವಂಥದ್ದು. ಎರಡೆರಡು ವರ್ಷಕ್ಕೆ ಹಾರುವವರ ಸಿಟಿಸಿಯಲ್ಲಿ ಅದು ಗೋಡೆಗೆ ಅಂಟಿಸಿದ ಹಣ್ಣಿನ ಕ್ಯಾಲೆಂಡರ್. ಮಾತಾಡುವಾಗ ಫಿಕ್ಸೆಡ್, ಅಂದರೆ ಖಚಿತವಾಗಿ ಬರುವ ಭಾಗ, ಎಷ್ಟು ಅಂತ ಮಾತಾಡಿ. ಸಿಟಿಸಿಯನ್ನು ಸೋದರಮಾವನಿಗೆ ಹೇಳಿ.

ಸೋದರಮಾವ ಅಂದಾಗ ನೆನಪಾಯ್ತು. ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳ್ತೀನಿ. ನಮ್ಮ ಕಡೆ ಮದುವೆ ಮನೆಯಲ್ಲಿ ಕೂತರೆ, ಮುಖಪರಿಚಯ ಇಲ್ಲದವರೂ “ತಿಂಗಳಿಗೆ ಎಷ್ಟು ಬರುತ್ತಮ್ಮಾ?” ಅಂತಾರೆ. ಆಫೀಸಿನಲ್ಲಿ ಮೂರು ವರ್ಷ ಪಕ್ಕದಲ್ಲಿ ಕೂತವರು ಕೇಳಲ್ಲ. ಕೇಳುವುದು ಅಸಭ್ಯ ಅಂತ ಯಾರೋ ಹೇಳಿಕೊಟ್ಟಿದ್ದಾರೆ. ಅಸಭ್ಯ ಇರಬಹುದು, ಆದರೆ ಆ ಮೊಸರನ್ನದ ದಿನ ಅವನು ಬಾಯಿಬಿಡದಿದ್ದರೆ ನನಗೆ ಬ್ಯಾಂಡ್ ಅನ್ನುವುದೊಂದಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಕಾಲೇಜಿನ ಗೆಳೆಯರ ಹತ್ತಿರ, ಎರಡು ವರ್ಷ ಸೀನಿಯರ್‌ಗಳ ಹತ್ತಿರ ಅಂಕಿ ಕೇಳಿ. ನಿಮ್ಮದನ್ನು ಮೊದಲು ಹೇಳಿ, ಅವರೂ ಹೇಳುತ್ತಾರೆ.

ನಾವು ಯಾಕೆ ಕೇಳಲ್ಲ ಅಂತ ನಾನು ಬಹಳ ಯೋಚಿಸಿದ್ದೇನೆ. ನಮ್ಮಪ್ಪ ಅರಸೀಕೆರೆ ಹತ್ತಿರ ಹೈಸ್ಕೂಲ್ ಮೇಷ್ಟ್ರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಒಂದು ಸಲವೂ ಸಂಬಳ ಜಾಸ್ತಿ ಮಾಡಿ ಅಂತ ಹೆಡ್‌ಮಾಸ್ಟರ್ ಮುಂದೆ ನಿಂತವರಲ್ಲ. ನಿಲ್ಲಬೇಕಾಗಿಯೂ ಇರಲಿಲ್ಲ. ವರ್ಷಕ್ಕೊಮ್ಮೆ ಇನ್‌ಕ್ರಿಮೆಂಟ್ ತಾನಾಗೇ ಬರುತ್ತಿತ್ತು. ಡಿಎ, ಅಂದರೆ ತುಟ್ಟಿಭತ್ಯೆ, ಏರುತ್ತಿತ್ತು. ವೇತನ ಶ್ರೇಣಿ ಅಂಗೈ ಮೇಲಿನ ಗೆರೆಯ ಹಾಗೆ, ಯಾರಿಗೆ ಎಷ್ಟು ಅಂತ ಇಡೀ ಸ್ಟಾಫ್ ರೂಮಿಗೆ ಗೊತ್ತು. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಗಿ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಹೋದಾಗ, ರಿಟೈರ್ ಆಗಿ ಕೂತಿದ್ದ ಅಪ್ಪನಿಗೆ ಆ ಪಟ್ಟಿ ಬಾಯಿಪಾಠ. ಇಂಥ ಮನೆಯಲ್ಲಿ ಬೆಳೆದವರಿಗೆ ಕೇಳಿ ತಗೊಳ್ಳುವುದು ಎಲ್ಲಿಂದ ಬರಬೇಕು? ಚೆನ್ನಾಗಿ ಕೆಲಸ ಮಾಡು, ಸಂಬಳ ತಾನಾಗೇ ಬರುತ್ತೆ ಅಂತ ಅಪ್ಪ ಹೇಳಿದ್ದು ಸುಳ್ಳಲ್ಲ. ಅವರ ಇಲಾಖೆಯಲ್ಲಿ ಅದು ನಿಜ.

ನಾನು ಬಾಯಿಬಿಟ್ಟು ಕೇಳಿದ್ದು 2012ರಲ್ಲಿ. ಕೇಳಿದ್ದರಲ್ಲಿ ಮುಕ್ಕಾಲು ಪಾಲು ಕೊಟ್ಟರು. ಅವತ್ತು ರಾತ್ರಿ ಊರಿಗೆ ಫೋನ್ ಮಾಡಿ, “ಅಪ್ಪಾ, ಸಂಬಳ ಜಾಸ್ತಿ ಆಯ್ತು, ನಾನೇ ಕೇಳಿದೆ” ಅಂದೆ.

“ನೀನೇ ಕೇಳಿದ್ಯಾ?” ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಡಿಎ ಎಷ್ಟು ಪರ್ಸೆಂಟ್ ಇಟ್ಟಿದಾರೆ?”

ನಮ್ಮಲ್ಲಿ ಡಿಎ ಇರಲ್ಲಪ್ಪಾ ಅಂದೆ.

“ಅಯ್ಯೋ ಪಾಪ,” ಅಂದರು.